ಗ್ರಾಮಸಭೆಗೆ ನಾವು ಹೋಗತಕ್ಕದ್ದು ಯಾಕೆ?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ರಜೆಯ ಕಾಲದಲ್ಲಿ ತವರಿಗೆ ಬಂದಾಗ ಶಾಲೆಯ ಮೆಟ್ಟಲನ್ನು ತುಳಿಯದೆ ಹಿಂದಿರುಗುವದಿಲ್ಲ. ಹಾಗೆ ಬಂದವರು ಈ ಕೆಲವು ವರುಷಗಳಿಂದ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: “ಟೀಚರ್, ತೋಡಿಗೆ ಸಿಮೆಂಟಿನ ಸಂಕ ಬಂದಿದೆಯಲ್ಲ, ಯಾರು ಮಾಡಿಸಿಕೊಟ್ಟರು?” ಯಾರೋ ಧನಿಕರಾಗಲಿ ಮಂತ್ರಿಗಳಾಗಲಿ ದಯೆತೋರಿರಬೇಕೆಂದು ಅವರ ಎಣಿಕೆ. ತೋಡಿನ ಆಚೆಯ ಹನ್ನೆರಡು ಮಂದಿ ತಾಯಂದಿರು ವಾರ್ಡು ಸಭೆಯಲ್ಲಿ ಕೇಳಿ ಮಾಡಿಸಿದರೆಂದು ನಾವು ಹೇಳಿದರೆ ಅವರು ನಗುತ್ತಾರೆ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಆ ಸಂಗತಿಯನ್ನೂ, ವಾರ್ಡು ಸಭೆ ಗ್ರಾಮಸಭೆಗಳೆಂದರೆ ಏನೆಂಬದನ್ನೂ ಸ್ವಲ್ಪ ವಿವರಿಸುವದು ಯುಕ್ತವೆಂದು ತೋರಿತು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ೨೦೧೫ರಲ್ಲಿ ಪಂಚಾಯತಿನಿಂದ ವಾರ್ಡು ಸಭೆಯ ತಿಳಿವಳಿಕೆ ಪತ್ರವು ನಮ್ಮ ಶಾಲೆಗೂ ಬಂದಿತ್ತು. ಅದನ್ನು ಓದಿ, ಸಹಿ ಮಾಡಿ, ಫೈಲಿನಲ್ಲಿ ಇಟ್ಟೆವು. ಪರೀಕ್ಷೆಯ ಸಮಯ; ಪಂಚಾಯತಿನ ಕೆಲಸ ಪಂಚಾಯತಿನವರಿಗೆ, ಶಾಲೆಯ ಕೆಲಸ ನಮಗೆ ಎಂದು ಭಾವಿಸಿದೆವು. ಸಭೆಯು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ತೋಡಿನ ಆಚೆಯ ಸ್ತ್ರೀಯರು ಬೀಡಿ ಕಟ್ಟುತ್ತಲೋ ಪರರ ತೋಟಗಳಲ್ಲಿ ಅಡಿಕೆ ಹೆಕ್ಕುತ್ತಲೋ ಇದ್ದರು. ಸಭೆಯಲ್ಲಿ ಕಾಮಗಾರಿಗಳ ಪಟ್ಟಿ ತಯಾರಾಯಿತು. ಅದರಲ್ಲಿ ಕಾಲುಸಂಕದ ಹೆಸರೇ ಇರಲಿಲ್ಲ.

ಆ ಕಾಲುಸಂಕವನ್ನು ಬಲ್ಲವರು ಬಲ್ಲರು. ಎರಡು ಅಡಿಕೆಮರಗಳನ್ನು ಜೋಡಿಸಿ, ಒಂದು ಬದಿಗೆ ಕೈಹಿಡಿಯಲು ಬಿದಿರು ಕಟ್ಟಿದ್ದು, ಅಷ್ಟೇ. ೨೦೧೬ನೆಯ ಜೂನ್ ತಿಂಗಳ ಮಳೆಯಲ್ಲಿ ಒಂದು ಮರವು ಜಾರಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತೋಡಿಗೆ ಬಿದ್ದಳು. ಕೆಳಗಡೆ ಕೇದಗೆಯ ಹಿಂಡಲು ಕೈಗೆ ಸಿಕ್ಕಿ ಜೀವ ಉಳಿಯಿತು. ಪುಸ್ತಕದ ಚೀಲವು ಮಾತ್ರ ನೀರುಪಾಲಾಯಿತು. ಮರುದಿನದಿಂದ ಆಚೆಯ ದಡದ ಮಕ್ಕಳಲ್ಲಿ ಒಬ್ಬರೂ ಬರಲಿಲ್ಲ. ಆ ಮಳೆಗಾಲದ ಹಾಜರಿ ಪುಸ್ತಕವನ್ನು ಈಗಲೂ ತೆರೆದು ನೋಡಿದರೆ ಅವರ ಹೆಸರುಗಳ ಮುಂದೆ ಖಾಲಿ ಮನೆಗಳ ಸಾಲುಗಳೇ ಕಾಣುತ್ತವೆ. ಬಿದ್ದ ಹುಡುಗಿ ಮರಳಿ ಬಂದಳು. ಅವಳಿಗಿಂತ ಎರಡು ತರಗತಿ ಮೇಲಿದ್ದ ಅವಳ ಅಕ್ಕನು ಬರಲಿಲ್ಲ; ಮನೆಯಲ್ಲಿಯೇ ಬೀಡಿಗೆ ಕುಳಿತಳು.

ನಾವು ಕೋಪದಿಂದ ಪಂಚಾಯತು ಕಛೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು ನಡವಳಿ ಪುಸ್ತಕವನ್ನು ನಮ್ಮ ಮುಂದೆ ತೆರೆದಿಟ್ಟು, “ಟೀಚರಮ್ಮಾ, ಸಭೆಯಲ್ಲಿ ಯಾರೂ ಇದನ್ನು ಹೇಳಲಿಲ್ಲವಲ್ಲ” ಎಂದು ಮೆಲ್ಲನೆ ಹೇಳಿದರು. ಉತ್ತರ ಕೊಡುವದಕ್ಕೆ ನಮ್ಮಲ್ಲಿ ಮಾತಿರಲಿಲ್ಲ.

ಈಗ ಸಭೆಯ ವಿಷಯ. ೧೯೯೩ರ ಕರ್ನಾಟಕ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಗ್ರಾಮದ ಮತದಾರರ ಪಟ್ಟಿಯಲ್ಲಿ ಯಾರ ಹೆಸರುಂಟೋ ಅವರೆಲ್ಲರೂ ಗ್ರಾಮಸಭೆಯ ಸದಸ್ಯರೇ. ಪಂಚಾಯತಿಗೆ ಚುನಾಯಿತರಾದವರು ಬೇರೆ, ಗ್ರಾಮಸಭೆ ಬೇರೆ. ಇದನ್ನು ಹತ್ತರಲ್ಲಿ ಎಂಟು ಮಂದಿ ತಿಳಿಯದೆ ಇದ್ದಾರೆಂಬದು ನಮ್ಮ ಅನುಭವ. ಗ್ರಾಮಸಭೆಗಿಂತ ಮೊದಲು ಆಯಾ ವಾರ್ಡಿನ ಮತದಾರರು ಸೇರುವದು ವಾರ್ಡು ಸಭೆ. ಅದಕ್ಕೆ ಆ ವಾರ್ಡಿನ ಪಂಚಾಯತು ಸದಸ್ಯರು ಅಧ್ಯಕ್ಷರಾಗುತ್ತಾರೆ. ಇವೆರಡೂ ಆರು ತಿಂಗಳಿಗೆ ಒಂದು ಸಲವಾದರೂ ಕೂಡತಕ್ಕದ್ದು. ವಾರ್ಡು ಸಭೆ ನಡೆಯಲು ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಇಲ್ಲವೆ ಇಪ್ಪತ್ತು ಮಂದಿ, ಇವುಗಳಲ್ಲಿ ಯಾವದು ಕಡಿಮೆಯೋ ಅಷ್ಟು ಜನರಿದ್ದರೆ ಸಾಕು. ಇಪ್ಪತ್ತು ಮಂದಿ ಸೇರಿ ಇಡೀ ವಾರ್ಡಿಗೆ ಬೇಕಾದುದನ್ನು ಗೊತ್ತುಮಾಡಬಹುದೆಂದ ಮೇಲೆ ಹನ್ನೆರಡು ಮಂದಿ ತಾಯಂದಿರ ಬಲವೆಷ್ಟೆಂದು ವಾಚಕರೇ ಲೆಕ್ಕ ಹಾಕಬಹುದು.

ವಾರ್ಡು ಸಭೆಯ ಕೆಲಸವೇನು? ವಾರ್ಡಿಗೆ ಬೇಕಾದ ಕಾಮಗಾರಿಗಳನ್ನು ಸೂಚಿಸಿ ಅವುಗಳಲ್ಲಿ ಯಾವದು ಮೊದಲು, ಯಾವದು ಆಮೇಲೆ ಎಂದು ಕ್ರಮವನ್ನು ನಿಶ್ಚಯಿಸುವದು. ಬೀದಿದೀಪ, ಸಾರ್ವಜನಿಕ ನಳ್ಳಿ, ಬಾವಿಗಳು ಎಲ್ಲಿರಬೇಕೆಂದು ಹೇಳುವದು. ಮನೆ ಮೊದಲಾದ ಸಹಾಯಗಳಿಗೆ ಯಾರು ಅರ್ಹರೆಂದು ಗುರುತಿಸುವದು. ಆ ಸೂಚನೆಗಳು ಗ್ರಾಮಸಭೆಯ ಮುಂದೆ ಬರುತ್ತವೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಲಸ ಆದಂತಲ್ಲ. ಹಣವು ಎಂದೂ ಪಟ್ಟಿಗಿಂತ ಚಿಕ್ಕದು. ಆದರೆ ಪಟ್ಟಿಯಲ್ಲಿಯೇ ಇಲ್ಲದ್ದಕ್ಕೆ ಹಣ ಹುಡುಕುವವರು ಯಾರು?

ಹೀಗಿರಲಾಗಿ ಜನರು ಬಾರದಿರುವದು ಯಾಕೆ? ಉದಾಸೀನವೆಂದು ಒಂದೇ ಮಾತಿನಲ್ಲಿ ಹೇಳಿಬಿಡುವದು ಸುಲಭ, ನ್ಯಾಯವಲ್ಲ. ನಾವು ಮನೆಮನೆಗೆ ಹೋಗಿ ವಿಚಾರಿಸಿದಾಗ ಒಬ್ಬ ತಾಯಿ, “ಅರ್ಧ ದಿನದ ಬೀಡಿ ಹೋದರೆ ಮರುದಿನದ ಅಕ್ಕಿಗೆ ಏನು ಮಾಡಲಿ?” ಎಂದರು. ಇನ್ನೊಬ್ಬರು, “ಮನೆ ಕೊಡುವದಿದ್ದರೆ ಹೇಳಿ, ಬರುತ್ತೇನೆ” ಎಂದರು. ಸಭೆಯೆಂದರೆ ಏನಾದರೂ ಹಂಚುವ ಸ್ಥಳವೆಂದೇ ಅವರು ತಿಳಿದಿದ್ದರು. ಮನೆಯಲ್ಲಿ ತುಳುವನ್ನೇ ಆಡುವ ಕೆಲವರು ಸಭೆಯಲ್ಲಿ ಕನ್ನಡ ಮಾತಾಡಬೇಕಾದೀತೆಂದು ಅಂಜಿದರು. ಎಲ್ಲಕ್ಕಿಂತ ಕಠಿಣವಾದ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಂಕಕ್ಕೆ ಹೋಗುವ ದಾರಿಯು ಒಬ್ಬರ ಅಡಿಕೆ ತೋಟದ ಅಂಚಿನಲ್ಲಿತ್ತು. ಆ ತೋಟದಲ್ಲಿ ಕೂಲಿ ಮಾಡುವವರು ಅದೇ ಯಜಮಾನರ ಮುಂದೆ ನಿಂತು ಮೂರು ಅಡಿ ಜಾಗ ಬಿಡಿರೆಂದು ಕೇಳುವದು ಹೇಗೆ? ಓದಿದವರಿಗೆ ಇಂಥ ಯಾವ ಅಡ್ಡಿಯೂ ಇಲ್ಲ. ಆದರೂ ಸಭೆಯಲ್ಲಿ ಕಾಣಿಸಿಕೊಳ್ಳುವದರಲ್ಲಿ ಓದಿದವರೇ ಹಿಂದು, ಉಪಾಧ್ಯಾಯಿನಿಯರೂ ಸೇರಿ.

ಈ ಹಕ್ಕು ನಮಗೆ ಬಂದ ಬಗೆಯನ್ನೂ ಹೇಳಬೇಕು. ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಗೆ ೧೮೮೪ರ ಕಾನೂನಿನಿಂದ ಲೋಕಲ್ ಬೋರ್ಡುಗಳು ಬಂದವು. ಅವುಗಳಲ್ಲಿ ಸ್ತ್ರೀಯರಿಗೆ ಸ್ಥಳವಿರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೨೬ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ ಜಾರಿಗೆ ಬಂದ ೧೯೮೩ರ ಕಾನೂನಿನಂತೆ ೧೯೮೭ರಲ್ಲಿ ನಡೆದ ಚುನಾವಣೆಯಲ್ಲಿ ನಾಲ್ಕರಲ್ಲೊಂದು ಪಾಲು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ೧೯೯೩ರಲ್ಲಿ ರಾಜ್ಯಾಂಗದ ೭೩ನೆಯ ತಿದ್ದುಪಡಿಯು ದೇಶಕ್ಕೆಲ್ಲ ಮೂರರಲ್ಲೊಂದು ಪಾಲನ್ನು ವಿಧಿಸಿತು; ನಮ್ಮ ರಾಜ್ಯದಲ್ಲಿ ೨೦೧೦ರಿಂದ ಅದು ಅರ್ಧವಾಯಿತು. ಆದರೆ ಕುರ್ಚಿಯಲ್ಲಿ ಹೆಂಡತಿಯೂ ಮಾತಿನಲ್ಲಿ ಗಂಡನೂ ಇರುವ ಪಂಚಾಯತುಗಳನ್ನು ನಾವು ಕಂಡಿದ್ದೇವೆ. ಸಭೆಯಲ್ಲಿ ಕುಳಿತ ಸ್ತ್ರೀಯರು ಅಧ್ಯಕ್ಷೆಯನ್ನೇ ಹೆಸರುಹಿಡಿದು ಪ್ರಶ್ನೆ ಕೇಳಿದರೆ ಆಕೆಯೇ ಉತ್ತರ ಕೊಡಬೇಕಾಗುತ್ತದೆ. ಆಕೆಗೆ ಅದಕ್ಕಿಂತ ದೊಡ್ಡ ಸಹಾಯವನ್ನು ನಾವು ಕಾಣೆವು.

ನಮ್ಮ ಸಂಕದ ಕೆಲಸವು ಒಂದೇ ದಿನದಲ್ಲಿ ಆಗಲಿಲ್ಲ. ೨೦೧೭ರ ಮೊದಲಲ್ಲಿ ಪೋಷಕರ ಕೂಟವನ್ನು ಕರೆದು, ಸಭೆಯು ಭಾನುವಾರವಾಗಬೇಕೆಂದು ವಾರ್ಡಿನ ಸದಸ್ಯರನ್ನು ಬೇಡಿಕೊಂಡೆವು. ಅವರು ಸಂತೋಷದಿಂದ ಒಪ್ಪಿದರು. ಅರ್ಜಿಯನ್ನು ನಾವೇ ಬರೆದೆವು. ಅಲ್ಲಿ ಎರಡನೆಯ ತಪ್ಪಾಯಿತು: ಸಂಕ, ದೀಪ, ನಳ್ಳಿ, ಚರಂಡಿ, ಬಸ್ಸು ನಿಲ್ಲುವ ತಾಣ ಎಂದು ಏಳು ಬೇಡಿಕೆಗಳನ್ನು ಒಂದೇ ಕಾಗದದಲ್ಲಿ ತುಂಬಿಸಿದ್ದೆವು. ಸುಂದರವಾದ ಅರ್ಜಿಯೇ, ಆದರೆ ಯಾವದು ಮುಖ್ಯವೆಂದು ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಪಟ್ಟಿಯಲ್ಲಿ ಸಂಕಕ್ಕೆ ಐದನೆಯ ಸ್ಥಾನ ಸಿಕ್ಕಿತು. ಆ ವರುಷದ ಮಳೆಗಾಲವೂ ಅಡಿಕೆಮರದ ಮೇಲೆಯೇ ಕಳೆಯಿತು.

ಅದೇ ವರುಷದ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಹುಡುಗಿಯರು ಎದ್ದು ನಿಂತರು. ತೋಡಿಗೆ ಬಿದ್ದಿದ್ದವಳೇ ಮಾತಾಡಿದಳು. ದೂರು ಹೇಳಲಿಲ್ಲ, ಜೂನ್‌ನಿಂದ ಸೆಪ್ಟೆಂಬರಿನ ವರೆಗೆ ಆಚೆಯ ದಡದ ಪ್ರತಿಯೊಬ್ಬ ಹುಡುಗಿಗೆ ಎಷ್ಟು ದಿನದ ಪಾಠ ತಪ್ಪಿತೆಂದು ಹಾಜರಿ ಪುಸ್ತಕದಿಂದ ಎತ್ತಿ ಬರೆದುದನ್ನು ಓದಿದಳು. ತೋಟದ ಯಜಮಾನರೂ ಸಭೆಯಲ್ಲಿದ್ದರು. ವಾರ ಕಳೆಯುವದರೊಳಗೆ ಅವರೇ ಶಾಲೆಗೆ ಬಂದು, ದಾರಿಗೆ ಬೇಕಾದ ಜಾಗ ಬಿಡುವದಾಗಿ ಹೇಳಿದರು. ಅವರು ಕೆಟ್ಟವರಲ್ಲ, ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

೨೦೧೮ರ ವಾರ್ಡು ಸಭೆಗೆ ತಾಯಂದಿರು ಒಂದೇ ಬೇಡಿಕೆಯ ಅರ್ಜಿಯನ್ನು ಎರಡು ಪ್ರತಿ ತೆಗೆದುಕೊಂಡು ಹೋದರು. ಒಂದನ್ನು ಕೊಟ್ಟು, ಇನ್ನೊಂದಕ್ಕೆ ಕಛೇರಿಯ ಮೊಹರು ಹಾಕಿಸಿ ತಂದರು. ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆದ ಮೇಲೆ ಗಟ್ಟಿಯಾಗಿ ಓದಬೇಕೆಂದು ಅವರಲ್ಲೊಬ್ಬರು ತುಳುವಿನಲ್ಲಿಯೇ ಕೇಳಿದರು, ಓದಲಾಯಿತು. ಸಹಿ ಹಾಕಲು ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಸಂಕವು ಮೊದಲನೆಯ ಸ್ಥಾನಕ್ಕೆ ಬಂದು, ೨೦೧೯ರ ಮಳೆಗೆ ಮುಂಚೆ ಕಟ್ಟಿ ಮುಗಿಯಿತು. ಕಂಬಿಯು ಸ್ವಲ್ಪ ಗಿಡ್ಡವೆಂದು ನಮಗೆ ಈಗಲೂ ತೋರುತ್ತದೆ. ಮನೆಯಲ್ಲಿ ಉಳಿದ ಆ ಅಕ್ಕನು ಅಷ್ಟರೊಳಗೆ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು.

ನಗರಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರು ಇದು ಹಳ್ಳಿಯವರಿಗೆ ಹೇಳಿದ್ದೆಂದು ಪುಟ ತಿರುಗಿಸಬಾರದೆಂದು ಬಿನ್ನಹ. ರಾಜ್ಯಾಂಗದ ೭೪ನೆಯ ತಿದ್ದುಪಡಿಯು ೧೯೯೩ನೆಯ ಜೂನ್ ೧ರಿಂದ ಜಾರಿಗೆ ಬಂದಿದ್ದು, ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳು ಇರತಕ್ಕದ್ದೆಂದು ವಿಧಿಸುತ್ತದೆ. ನಿಮ್ಮ ವಾರ್ಡಿಗೆ ಅಂಥ ಸಮಿತಿಯುಂಟೋ, ಅದು ಎಂದು ಕೂಡುವದು ಎಂದು ನಗರಸಭೆಯ ಕಛೇರಿಯಲ್ಲಿ ಕೇಳಿ ತಿಳಿಯಿರಿ. ಇಲ್ಲವೆಂದರೆ ಯಾಕಿಲ್ಲವೆಂದೂ ಕೇಳಿರಿ.

ಊರಿನಲ್ಲಿರುವ ಪೋಷಕರಿಗೆ ಒಂದು ತಿಳಿವಳಿಕೆ. ವಾರ್ಡು ಸಭೆಯ ಪತ್ರವು ಬಂದ ದಿನವೇ ಅದನ್ನು ಶಾಲೆಯ ಗೇಟಿನ ಬಳಿಯ ಹಲಗೆಯಲ್ಲಿ ಹಚ್ಚುತ್ತೇವೆ. ಅರ್ಜಿ ಬರೆಯಿಸಿಕೊಳ್ಳಬೇಕೆನ್ನುವವರು ಶನಿವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಬಂದರೆ ಹತ್ತನೆಯ ತರಗತಿಯ ಹುಡುಗಿಯರು ಬರೆದುಕೊಡುವರು. ತಿರುವಿನ ಆಲದ ಮರದ ಬಳಿಗೆ ದೀಪ ಬೇಕೆಂಬ ಅರ್ಜಿಯು ಈಗ ಅವರ ಕೈಯಲ್ಲಿದೆ. ಅದಕ್ಕೆ ಇನ್ನು ಒಂಬತ್ತು ಸಹಿಗಳು ಬೇಕಾಗಿವೆ.