ಮಾತಿಲ್ಲದೆಯೂ ಜೊತೆಗಿರಬಹುದು

ವೆಬ್‌ಕ್ಯಾಮ್ ದಣಿಸುವುದೂ ಉಂಟು, ಒಂಟಿತನ ಕಳೆಯುವುದೂ ಉಂಟು. ಬಳಸುವ ಬಗೆ ಮುಖ್ಯ.

ದಿನಕ್ಕೆ ಮೂರ್ನಾಲ್ಕು ಮೀಟಿಂಗ್, ಪರದೆ ತುಂಬ ಮುಖಗಳು. ಆದರೂ ಸಂಜೆ ಲ್ಯಾಪ್‌ಟಾಪ್ ಮುಚ್ಚುವಾಗ ಇಡೀ ದಿನ ಒಬ್ಬರೇ ಇದ್ದೆವು ಅನಿಸುತ್ತದೆ. ಮನೆಯಿಂದ ಕೆಲಸ ಮಾಡುವ ಅನೇಕರು ಹೇಳುವ ಮಾತಿದು. ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ತಲೆತಗ್ಗಿಸಿ ಕೆಲಸದಲ್ಲಿರುತ್ತಾರೆ, ಇನ್ನೊಬ್ಬರು ಕಾಫಿಗೆಂದು ಎದ್ದು ಹೋಗುತ್ತಾರೆ. ಇದನ್ನೆಲ್ಲ ಯಾರೂ ಗಮನವಿಟ್ಟು ನೋಡುವುದಿಲ್ಲ. ಕಣ್ಣಂಚಿಗೆ ಬಿದ್ದರೆ ಸಾಕು, ಜೊತೆಗೆ ಜನ ಇದ್ದಾರೆಂಬ ಧೈರ್ಯ. ಮೀಟಿಂಗ್‌ಗಳು ಮನೆಗೆ ಮಾತನ್ನು ತಂದವು, ಈ ಧೈರ್ಯವನ್ನು ತರಲಿಲ್ಲ.

ಇದನ್ನು ದೂರ ದಾಟಿಸುವ ಪ್ರಯತ್ನ ಮೂರು ದಶಕಗಳ ಹಿಂದೆಯೇ ನಡೆದಿತ್ತು. ಜೆರಾಕ್ಸ್ ಕಂಪನಿಯ ಸಂಶೋಧಕರು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲೂ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲೂ ಇದ್ದರು. ಎರಡೂ ಕಡೆಯ ಗಡಿಯಾರಗಳ ನಡುವೆ 8 ಗಂಟೆಗಳ ಅಂತರ. ಅವರಲ್ಲಿಬ್ಬರಾದ ಪಾಲ್ ಡೌರಿಶ್ ಮತ್ತು ಸಾರಾ ಬ್ಲೈ 1992ರಲ್ಲಿ ವಿವರಿಸಿದ ‘ಪೋರ್ಟ್‌ಹೋಲ್ಸ್’ ವ್ಯವಸ್ಥೆ ಎರಡೂ ಕಡೆಯ ಕೊಠಡಿಗಳ ಪುಟ್ಟ ಚಿತ್ರಗಳನ್ನು ಕೆಲವು ನಿಮಿಷಗಳಿಗೊಮ್ಮೆ ಹೊಸದಾಗಿ ತೋರಿಸುತ್ತಿತ್ತು. ಯಾರು ಬಂದಿದ್ದಾರೆ, ಯಾರ ಕೊಠಡಿ ಖಾಲಿಯಿದೆ ಎಂದು ತಿಳಿಯಲು ಅಷ್ಟು ಸಾಕಿತ್ತು. ನೆಟ್‌ವರ್ಕ್ ಕೈಕೊಟ್ಟಾಗ ‘ವಿಡಿಯೊ ಆಫ್ ಮಾಡುತ್ತೇನೆ’ ಎನ್ನಬೇಕಾದ ಮಲೆನಾಡಿನ ಮನೆಗಳಿಗೂ ಇಂಥ ಹಗುರ ವ್ಯವಸ್ಥೆಯೇ ಒಗ್ಗುತ್ತದೆ.

ಹಾಗಾದರೆ ವಿಡಿಯೊ ಮೀಟಿಂಗ್ ಮಾತ್ರ ಏಕೆ ದಣಿಸುತ್ತದೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೈಲೆನ್ಸನ್ 2021ರಲ್ಲಿ ನಾಲ್ಕು ಕಾರಣಗಳನ್ನು ಮುಂದಿಟ್ಟರು: ತೀರಾ ಹತ್ತಿರದಿಂದ ದಿಟ್ಟಿಸುವ ಕಣ್ಣುಗಳು, ಸದಾ ಎದುರಿಗಿರುವ ನಮ್ಮದೇ ಮುಖ, ಅಲುಗಾಡದೆ ಕೂರಬೇಕಾದ ಸ್ಥಿತಿ, ಹಾವಭಾವ ಅರಿಯಲು ಮತ್ತು ತಿಳಿಸಲು ಬೇಕಾಗುವ ಹೆಚ್ಚಿನ ಶ್ರಮ. ಮೌನವಾಗಿ ಜೊತೆಗೆ ಕೆಲಸ ಮಾಡುವಾಗ ಇವು ಬಹುಪಾಲು ಸಡಿಲಾಗುತ್ತವೆ. ‘ಫೋಕಸ್‌ಮೇಟ್’ ಎಂಬ ತಾಣ ನಿಂತಿರುವುದೇ ಇದರ ಮೇಲೆ. ಅಪರಿಚಿತರಿಬ್ಬರು ಕ್ಯಾಮೆರಾ ಮುಂದೆ ಕೂತು, ಇಂದು ಮಾಡಬೇಕಾದ್ದೇನೆಂದು ಹೇಳಿಕೊಂಡು, ಸುಮಾರು 50 ನಿಮಿಷ ತಮ್ಮ ತಮ್ಮ ಕೆಲಸ ಮಾಡುತ್ತಾರೆ. ಕೊನೆಗೆ ಎಷ್ಟಾಯಿತೆಂದು ಹಂಚಿಕೊಳ್ಳುತ್ತಾರೆ.

ಆದರೆ ಎಲ್ಲ ಕೆಲಸಕ್ಕೂ ಜೊತೆ ಒಳ್ಳೆಯದಲ್ಲ. ಇತರರು ಎದುರಿಗಿದ್ದರೆ ಪಳಗಿದ ಕೆಲಸ ಚುರುಕಾಗುತ್ತದೆ, ಹೊಸದನ್ನು ಕಲಿಯುವುದು ತೊಡಕಾಗುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಜಯಾನ್ಸ್ 1965ರಲ್ಲೇ ವಾದಿಸಿದ್ದರು.

ಅದಕ್ಕಿಂತ ದೊಡ್ಡ ಅಪಾಯ ಬಲವಂತದ್ದು. ದಿನವಿಡೀ ಕ್ಯಾಮೆರಾ ಆನ್ ಇಡಲು ಒಪ್ಪದ ನೆದರ್‌ಲೆಂಡ್ಸ್‌ನ ನೌಕರನೊಬ್ಬನನ್ನು ಫ್ಲೋರಿಡಾದ ಕಂಪನಿಯೊಂದು ಕೆಲಸದಿಂದ ತೆಗೆದಾಗ, ಆ ದೇಶದ ನ್ಯಾಯಾಲಯ 2022ರಲ್ಲಿ ನೌಕರನ ಪರ ನಿಂತಿತು. ಹಾಗೆ ಕಣ್ಣಿಡುವುದು ಖಾಸಗಿ ಬದುಕಿನ ಹಕ್ಕಿನ ಮೇಲಿನ ಅತಿಕ್ರಮಣ ಎಂದಿತು. ಒಬ್ಬರು ಮಾತ್ರ ನೋಡುವ, ಉಳಿದವರು ನೋಡಿಸಿಕೊಳ್ಳುವ ಕ್ಯಾಮೆರಾ ಕಾವಲುಗಾರ. ಇಬ್ಬರೂ ಮನಸ್ಸಿನಿಂದ ತೆರೆದದ್ದು ಮಾತ್ರ ಸಂಗಾತಿ.

ತಂಡ ನಡೆಸುವವರು ಇದನ್ನು ಮನಗಾಣಬೇಕು. ವಾರಕ್ಕೆ ಒಂದು ಮೀಟಿಂಗ್ ಕಡಿಮೆ ಮಾಡಿ, ಆ ಹೊತ್ತಿನಲ್ಲಿ ಅಜೆಂಡಾ ಇಲ್ಲದ ಒಂದು ಕೊಠಡಿ ತೆರೆದಿಡಿ. ಮೈಕ್ ಮ್ಯೂಟ್ ಇರಲಿ, ಹಾಜರಿ ಬೇಡ, ರೆಕಾರ್ಡಿಂಗ್ ಬೇಡ. ಬೇಕಾದವರು ಬರಲಿ, ಸಾಕಾದವರು ಹೇಳದೆ ಹೊರಡಲಿ. ಹೀಗೆ ಸ್ವಇಚ್ಛೆಯಿಂದ ಕೂಡುವ ಜನರ ನಡುವೆ ಬೆಳೆಯುವ ಸ್ನೇಹವನ್ನು ಯಾವ ಕಡ್ಡಾಯ ಮೀಟಿಂಗೂ ಕಟ್ಟಿಕೊಡಲಾರದು.