ಕೆಫೀನ್ ಉಣ್ಣುವ ಸೂಕ್ಷ್ಮಜೀವಿ, ಕಾಯಲಾರದ ವೃಷಭಾವತಿ

ಬಯೋಸೆನ್ಸರ್ ಎಂದರೆ ಜೀವಿಯ ಅಂಶವೊಂದನ್ನು ಎಲೆಕ್ಟ್ರಾನಿಕ್ ಮಾಪಕಕ್ಕೆ ಜೋಡಿಸಿದ ಸಾಧನ. ಎಂಜೈಮ್, ಪ್ರತಿಕಾಯ ಅಥವಾ ಇಡೀ ಜೀವಕೋಶ ತನಗೆ ಒಗ್ಗಿದ ರಾಸಾಯನಿಕವನ್ನು ಗುರುತಿಸುತ್ತದೆ. ಆಗ ಆಗುವ ಬದಲಾವಣೆಯನ್ನು ಮಾಪಕ ಅಂಕಿಯಾಗಿ ತೋರಿಸುತ್ತದೆ. ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ 1950ರ ದಶಕದಲ್ಲಿ ದ್ರವದಲ್ಲಿರುವ ಆಮ್ಲಜನಕವನ್ನು ಅಳೆಯುವ ಎಲೆಕ್ಟ್ರೋಡ್ ರೂಪಿಸಿದರು. 1962ರಲ್ಲಿ ಅದರ ತುದಿಗೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಎಂಜೈಮನ್ನು ಸೇರಿಸಿ ಸಕ್ಕರೆ ಅಳೆಯುವ ದಾರಿ ತೋರಿಸಿದರು. ಸಕ್ಕರೆ ಕಾಯಿಲೆಯವರ ಮನೆಯ ಗ್ಲೂಕೋಮೀಟರ್ ಇದೇ ವಂಶದ್ದು.

ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದ ಮುಖ್ಯ ತಾಣಗಳಲ್ಲೊಂದು ಮೈಸೂರಿನ ಸಿಎಫ್‌ಟಿಆರ್‌ಐ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಈ ಆಹಾರ ಸಂಶೋಧನಾಲಯದಲ್ಲಿ ಎನ್. ಜಿ. ಕಾರಂತ್, ಎಂ. ಎಸ್. ಠಾಕೂರ್ ಮತ್ತು ಸಂಗಡಿಗರು ಆಹಾರದೊಳಗಿನ ರಾಸಾಯನಿಕಗಳನ್ನು ಪತ್ತೆಹಚ್ಚುವ ಬಯೋಸೆನ್ಸರ್‌ಗಳನ್ನು ರೂಪಿಸಿದರು. ಅವುಗಳಲ್ಲಿ ಕಾಫಿ ನಾಡಿಗೆ ತೀರ ಹತ್ತಿರವಾದದ್ದು ಕೆಫೀನ್ ಮಾಪಕ.

ಕೆಫೀನ್ ಬಹುತೇಕ ಸೂಕ್ಷ್ಮಜೀವಿಗಳಿಗೆ ಒಗ್ಗುವುದಿಲ್ಲ. ಆದರೆ ಕಾಫಿ ತೋಟದ ಮಣ್ಣಿನಲ್ಲಿ ಅದನ್ನೇ ಆಹಾರ ಮಾಡಿಕೊಂಡು ಬದುಕುವ ಸ್ಯೂಡೋಮೊನಾಸ್ ಆಲ್ಕಲಿಜೀನಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದರ ಜೀವಕೋಶಗಳನ್ನು ತೆಳುಪೊರೆಯ ಮೇಲೆ ಕೂರಿಸಿ, ಕ್ಲಾರ್ಕ್ ಮಾದರಿಯ ಎಲೆಕ್ಟ್ರೋಡಿನ ಬಾಯಿಗೆ ಕಟ್ಟಲಾಯಿತು. ಮಾದರಿ ದ್ರವದಲ್ಲಿ ಕೆಫೀನ್ ಇದ್ದರೆ ಕೋಶಗಳು ಅದನ್ನು ಉಣ್ಣತೊಡಗುತ್ತವೆ, ಉಣ್ಣುವಾಗ ಆಮ್ಲಜನಕವನ್ನು ಹೆಚ್ಚು ಎಳೆದುಕೊಳ್ಳುತ್ತವೆ. ಎಲೆಕ್ಟ್ರೋಡಿನ ಬಳಿ ಆಮ್ಲಜನಕ ಎಷ್ಟು ಕುಸಿಯಿತೋ ಅದನ್ನು ನೋಡಿ ಕೆಫೀನ್ ಪ್ರಮಾಣ ಹೇಳಬಹುದು. 2007ರಲ್ಲಿ ಪ್ರಕಟವಾದ ಈ ಸಾಧನ ಮಿಲಿಲೀಟರಿಗೆ 0.1ರಿಂದ 1 ಮಿಲಿಗ್ರಾಂವರೆಗಿನ ಕೆಫೀನನ್ನು ಸುಮಾರು 3 ನಿಮಿಷದಲ್ಲಿ ಅಳೆಯುತ್ತಿತ್ತು. ತೋಟದ ಮಣ್ಣಿನ ಜೀವಿಯೇ ತೋಟದ ಬೆಳೆಯ ಪರೀಕ್ಷಕನಾದದ್ದು ನಮ್ಮ ವಿಜ್ಞಾನದ ಹೆಮ್ಮೆಯ ಸಂಗತಿ.

ಕೀಟನಾಶಕದ ವಿಷಯದಲ್ಲಿ ಲೆಕ್ಕ ತಿರುವುಮುರುವು. ಆರ್ಗನೋಫಾಸ್ಫೇಟ್ ಔಷಧಗಳು ಕೀಟದ ನರಗಳಲ್ಲಿರುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಎಂಜೈಮನ್ನು ಕೆಲಸ ಮಾಡದಂತೆ ತಡೆಯುತ್ತವೆ. ಅದೇ ಎಂಜೈಮನ್ನು ಸೆನ್ಸರಿನಲ್ಲಿಟ್ಟರೆ, ತರಕಾರಿ ತೊಳೆದ ನೀರು ತಗುಲಿದಾಗ ಅದರ ಚುರುಕು ತಗ್ಗಿತೆಂದರೆ ವಿಷದ ಅನುಮಾನ ಬಲವಾಗುತ್ತದೆ. ಹಾಲಿಗೆ ಬೆರೆಸಿದ ಯೂರಿಯಾಕ್ಕೆ ಯೂರಿಯೇಸ್ ಎಂಜೈಮ್ ಸಾಕು.

ಈ ವಿದ್ಯೆಯ ಅಗತ್ಯ ಪಶ್ಚಿಮ ಬೆಂಗಳೂರಿನಲ್ಲಿ ಕಣ್ಣಿಗೆ ರಾಚುವಂತೆ ಕಾಣುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆಯ ರಾಜಕಾಲುವೆಗಳು ವೃಷಭಾವತಿಯನ್ನು ಸೇರುತ್ತವೆ. ಮೈಸೂರು ರಸ್ತೆಯ ಪಕ್ಕದಲ್ಲಿ, ಗಾಳಿ ಆಂಜನೇಯ ದೇವಸ್ಥಾನದ ಬಳಿ ಹಾದು, ಕೆಂಗೇರಿ ದಾಟಿ ಬಿಡದಿ ಸಮೀಪದ ಬೈರಮಂಗಲ ಕೆರೆಗೆ ಹೋಗುವ ಈ ಹೊಳೆಯಲ್ಲಿ ಮನೆಗಳ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಇದೆ. ಕೆಳಗಿನ ಊರುಗಳಲ್ಲಿ ಆ ನೀರಿನಿಂದಲೇ ಬೇಸಾಯ. ಮುಂದೆ ಅದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ.

ನೀರಿನ ಕೊಳೆಯನ್ನು ಅಳೆಯುವ ರೂಢಿಯ ಪರೀಕ್ಷೆ ಬಿಒಡಿ, ಅಂದರೆ ಕೊಳೆಯನ್ನು ಉಣ್ಣಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಲೆಕ್ಕ. ಭಾರತದಲ್ಲಿ ಇದಕ್ಕೆ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಡಬೇಕು. ರಾತ್ರಿ ಯಾರೋ ಸುರಿದ ತ್ಯಾಜ್ಯ ಅಷ್ಟರಲ್ಲಿ ಕೆಂಗೇರಿ ದಾಟಿ ಬಹಳ ಹೊತ್ತಾಗಿರುತ್ತದೆ. ಜಪಾನಿನ ಇಸಾವೊ ಕರೂಬೆ ತಂಡ 1977ರಲ್ಲೇ ಸೂಕ್ಷ್ಮಜೀವಿಗಳನ್ನು ಆಮ್ಲಜನಕ ಎಲೆಕ್ಟ್ರೋಡಿಗೆ ಜೋಡಿಸಿ, ದಿನಗಳ ಈ ಕೆಲಸವನ್ನು ನಿಮಿಷಗಳಿಗೆ ಇಳಿಸಿತ್ತು. ಮೈಸೂರಿನ ಕೆಫೀನ್ ಮಾಪಕದ ತತ್ವವೂ ಅದೇ.

ಆದರೂ ಗ್ಲೂಕೋಮೀಟರಿನ ಭಾಗ್ಯ ಉಳಿದವಕ್ಕೆ ಬರಲಿಲ್ಲ. ಎಂಜೈಮ್ ಬಿಸಿಲಿಗೆ ಸೊರಗುತ್ತದೆ, ಜೀವಕೋಶವನ್ನು ಜೀವಂತ ಉಳಿಸಿಕೊಳ್ಳಬೇಕು. ಚರಂಡಿ ನೀರಿನಲ್ಲಿರುವ ಲೋಹಗಳು ಪರೀಕ್ಷಕ ಜೀವಿಯನ್ನೇ ಕೊಲ್ಲಬಹುದು. ಸಕ್ಕರೆ ಪರೀಕ್ಷೆಯ ಪಟ್ಟಿಗೆ ಕೋಟ್ಯಂತರ ಕೊಳ್ಳುವವರಿದ್ದಾರೆ. ಹೊಳೆಯ ಪರವಾಗಿ ಕೊಳ್ಳುವವರಿಲ್ಲ. ಪ್ರಯೋಗಾಲಯದಲ್ಲಿ ಗೆದ್ದ ಎಷ್ಟೋ ಸಾಧನಗಳು ಪ್ರಬಂಧಗಳಲ್ಲೇ ಉಳಿದಿವೆ. ಕೊಳ್ಳುವವರು ಸರ್ಕಾರವೇ ಆಗಬೇಕು: ಮಾಲಿನ್ಯ ನಿಯಂತ್ರಣ ಮಂಡಳಿಯೂ ರಾಜ್ಯದ ಸಂಶೋಧನಾಲಯಗಳೂ ಒಟ್ಟಾಗಿ ಕೆಂಗೇರಿಯಿಂದ ಬೈರಮಂಗಲದವರೆಗಿನ ಹರಿವಿನಲ್ಲಿ ಈ ಸಾಧನಗಳನ್ನು ಇರಿಸಿ ಪರೀಕ್ಷಿಸಲಿ, ಅಂಕಿಗಳು ದಂಡೆಯ ರೈತರಿಗೂ ಅಂದಂದೇ ಸಿಗಲಿ.