ಗುರಿಯೆಲ್‌ನ ವಾರ್ಡು, ನೈರೋಬಿಯ ಡಾಕ್ಟರು

2011, ಸೊಮಾಲಿಯಾದ ಗುರಿಯೆಲ್ ಆಸ್ಪತ್ರೆ. ಮಗುವಿಗೆ ಜೋರು ಜ್ವರ, ಫಿಟ್ಸ್. ಹೊರಗೆ ಯುದ್ಧ, ಮಕ್ಕಳ ತಜ್ಞರು ಅಲ್ಲಿಗೆ ಹೋಗುವಂತಿಲ್ಲ. ಆದರೆ ಪರದೆಯ ಮೇಲೆ ಒಬ್ಬರಿದ್ದಾರೆ, ನೈರೋಬಿಯಲ್ಲಿ ಕೂತು ಮಗುವನ್ನೇ ನೋಡುತ್ತಿದ್ದಾರೆ.

ಎಂಎಸ್‌ಎಫ್ ಎಂಬ ವೈದ್ಯರ ಸಂಸ್ಥೆ ಆ ವರ್ಷ ಇಲ್ಲಿನ 346 ಮಕ್ಕಳನ್ನು ಹೀಗೆ ತಜ್ಞರಿಗೆ ತೋರಿಸಿತು. 222 ಮಕ್ಕಳ ಚಿಕಿತ್ಸೆಯೇ ಬದಲಾಯಿತು. ಇನ್ನೊಂದು ಲೆಕ್ಕವಿದೆ, ನಿಧಾನವಾಗಿ ಕೇಳಿ: 88 ಮಕ್ಕಳಲ್ಲಿ ಜೀವಕ್ಕೇ ಕುತ್ತಾಗುವ ತೊಂದರೆ ಮೊದಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪರದೆಯಾಚೆಯ ಕಣ್ಣು ಅದನ್ನು ಹಿಡಿಯಿತು.

ಕ್ಯಾಮೆರಾ ಮಗುವಿನ ಹೊಟ್ಟೆ ಮುಟ್ಟಲಾರದು. ಮುಟ್ಟಿ ನೋಡಿದ್ದು, ಸೂಜಿ ಹಾಕಿದ್ದು, ರಾತ್ರಿಯಿಡೀ ಕಾದದ್ದು ಗುರಿಯೆಲ್ ಆಸ್ಪತ್ರೆಯವರೇ. ತಜ್ಞರನ್ನು ಕೇಳುತ್ತ, ಚರ್ಚಿಸುತ್ತ ಅವರ ಕೈ ಪಳಗಿತು. ಮಿದುಳುಜ್ವರದಂಥ ಕಷ್ಟದ ಕೇಸುಗಳನ್ನೂ ತಿಂಗಳು ಕಳೆದಂತೆ ಅವರೇ ಚೆನ್ನಾಗಿ ನಿಭಾಯಿಸತೊಡಗಿದರು.